ಒಂದು ದೀರ್ಘದ ಅಂತರ: ಸ್ಟ್ರಾಂಗ್ ಅವರ ಗ್ರೀಕ್ ನಿಘಂಟನ್ನು ಒರೆಗೆ ಹಚ್ಚಿದಾಗ

ನಿಘಂಟಿನ ಗುಣವನ್ನು ಅರಿಯಲು ನೂರಾರು ಪುಟಗಳನ್ನು ತಿರುವಿಹಾಕಬೇಕಾಗಿಲ್ಲ. ಅಪರೂಪದ ಒಂದು ಪದವನ್ನು ಆರಿಸಿಕೊಂಡು, ಅದರ ಮುಂದೆ ಏನು ಬರೆದಿದೆ, ಏನನ್ನು ಬಿಡಲಾಗಿದೆ ಎಂದು ನೋಡಿದರೆ ಸಾಕು. ಬೈಬಲಿನ ಗ್ರೀಕ್ ಪದಗಳ ಅರ್ಥ ಹುಡುಕಲು ಹೊರಟವರಲ್ಲಿ ಬಹಳ ಮಂದಿ ಮೊದಲು ಕೈಗೆತ್ತಿಕೊಳ್ಳುವುದು ಜೇಮ್ಸ್ ಸ್ಟ್ರಾಂಗ್ ಅವರು 1890ರಲ್ಲಿ ಪ್ರಕಟಿಸಿದ, ಬೈಬಲಿನ ಯಾವ ಪದ ಎಲ್ಲೆಲ್ಲಿ ಬರುತ್ತದೆ ಎಂದು ತೋರಿಸುವ ಪದಸೂಚಿಯನ್ನು. ಅದರ ಕೊನೆಯಲ್ಲಿರುವ ಗ್ರೀಕ್ ನಿಘಂಟನ್ನು ನಾನು ಥೇಯೊಟೇಸ್ ಎಂಬ ಪದದಿಂದ ಪರೀಕ್ಷಿಸಿದೆ. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಒಂದೇ ಒಂದು ಸಲ. ರೋಮಾಪುರದವರಿಗೆ ಬರೆದ ಪತ್ರದ 1:20ರಲ್ಲಿ, ಕಣ್ಣಿಗೆ ಕಾಣದ ದೇವರನ್ನು ಸೃಷ್ಟಿಯ ಮೂಲಕ ಅರಿಯಬಹುದು ಎನ್ನುವ ಪೌಲನು, ಹಾಗೆ ಅರಿವಿಗೆ ಬರುವುದು ಆತನ ನಿತ್ಯವಾದ ‘ದುನಾಮಿಸ್’, ಅಂದರೆ ಶಕ್ತಿ, ಮತ್ತು ‘ಥೇಯೊಟೇಸ್’ ಎನ್ನುತ್ತಾನೆ.

ಪದವನ್ನು ಹುಡುಕಿಕೊಡುವ ಕೆಲಸದಲ್ಲಿ ಈ ಪುಸ್ತಕಕ್ಕೆ ಸಾಟಿಯಿಲ್ಲ. ಗ್ರೀಕ್ ಅಕ್ಷರಗಳೇ ಬಾರದವನೂ ಕಿಂಗ್ ಜೇಮ್ಸ್ ಎಂಬ ಇಂಗ್ಲಿಷ್ ಬೈಬಲ್ ಅನುವಾದದ ಯಾವುದೇ ಪದದಿಂದ ಹೊರಟು, ಪಕ್ಕದಲ್ಲಿರುವ ಸಂಖ್ಯೆಯನ್ನು ಹಿಡಿದು ಮೂಲಪದವನ್ನು ಮುಟ್ಟಬಹುದು. ಥೇಯೊಟೇಸ್‌ನ ಸಂಖ್ಯೆ 2305. ಮುದ್ರಿತ ಪ್ರತಿಯಲ್ಲಾಗಲಿ, ಪುಕ್ಕಟೆಯಾಗಿ ಸಿಗುವ ಆ್ಯಪ್‌ಗಳಲ್ಲಾಗಲಿ ಇಲ್ಲಿಯವರೆಗೆ ತಲುಪಲು ಅರೆನಿಮಿಷವೂ ಬೇಡ. (ಸಂಖ್ಯೆಗಳು 5624ರವರೆಗೆ ಹೋಗುತ್ತವೆಯಾದರೂ 3203ರಿಂದ 3302ರವರೆಗಿನ ನೂರು ಸಂಖ್ಯೆಗಳಿಗೆ ಪದಗಳೇ ಇಲ್ಲ, ಎಣಿಕೆಯ ನಡುವೆ ಆದ ಬದಲಾವಣೆಯ ಗುರುತು ಅದು. ಅಷ್ಟು ದೊಡ್ಡ ಕೆಲಸದಲ್ಲಿ ಇದು ಮನ್ನಿಸಬಹುದಾದ ಸಂಗತಿ.)

ತೊಂದರೆ ಶುರುವಾಗುವುದು ಪದವನ್ನು ತಲುಪಿದ ಮೇಲೆ. ಅಲ್ಲಿರುವ ವಿವರಣೆ ಇಷ್ಟೆ: 2304ನೆಯ ಸಂಖ್ಯೆಯ ಪದದಿಂದ ಬಂದದ್ದು, ಭಾವವಾಚಕವಾಗಿ, ದೈವತ್ವ, ಆಮೇಲೆ ‘ಗಾಡ್‌ಹೆಡ್’ ಎಂಬ ಇಂಗ್ಲಿಷ್ ಪದ. ಇನ್ನು ಕೊಲೊಸ್ಸೆಯವರಿಗೆ ಬರೆದ ಪತ್ರದ 2:9ರಲ್ಲಿ, ಹೊಸ ಒಡಂಬಡಿಕೆಯಲ್ಲಿ ಅದೂ ಒಂದೇ ಸಲ ಬರುವ ಥೆಯೊಟೇಸ್ ಎಂಬ ಇನ್ನೊಂದು ಪದವಿದೆ, ಸಂಖ್ಯೆ 2320. ಅದನ್ನು ತೆರೆದರೆ, 2316ರಿಂದ ಬಂದದ್ದು, ಭಾವವಾಚಕವಾಗಿ, ದೈವತ್ವ, ಗಾಡ್‌ಹೆಡ್! ಉಚ್ಚಾರಣೆಯೂ ಮೂಲಪದದ ಸಂಖ್ಯೆಯೂ ಬೇರೆ ಎಂಬುದನ್ನು ಬಿಟ್ಟರೆ ಎರಡು ನಮೂದುಗಳೂ ಪಡಿಯಚ್ಚು.

ಕನ್ನಡದಲ್ಲಿ ಬರೆದಾಗ ಈ ಎರಡು ಪದಗಳ ನಡುವಿನ ಅಂತರ ಒಂದು ದೀರ್ಘದಷ್ಟು. ಗ್ರೀಕಿನಲ್ಲಿ ‘ಇಯೋತ’ ಎಂಬ ಒಂದೇ ಅಕ್ಷರದಷ್ಟು. ಅರ್ಥದಲ್ಲಿರುವ ಅಂತರ ಅದಕ್ಕಿಂತ ದೊಡ್ಡದು. ಥೆಯೊಟೇಸ್ ಹುಟ್ಟಿದ್ದು ‘ಥೆಯೊಸ್’, ಅಂದರೆ ದೇವರು, ಎಂಬ ನಾಮಪದದಿಂದ. ಆದ್ದರಿಂದ ಅದು ದೇವರಾಗಿರುವಿಕೆ, ದೇವತ್ವ. ಥೇಯೊಟೇಸ್ ಹುಟ್ಟಿದ್ದು ‘ಥೇಯೊಸ್’, ಅಂದರೆ ದೈವಿಕವಾದ, ಎಂಬ ಗುಣವಾಚಕದಿಂದ. ಆದ್ದರಿಂದ ಅದು ದೈವಿಕತೆ, ದೇವರಿಗೆ ಸಲ್ಲುವ ಗುಣ ಮತ್ತು ಮಹಿಮೆ. ಪೌಲನ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಇದು ತಾನಾಗಿ ಹೊಳೆಯುತ್ತದೆ. ಬೆಟ್ಟ, ಕಡಲು, ನಕ್ಷತ್ರಗಳನ್ನು ನೋಡಿದವನಿಗೆ ಇದರ ಹಿಂದೆ ಅಳಿವಿಲ್ಲದ ಶಕ್ತಿಯೊಂದಿದೆ, ಆ ಶಕ್ತಿ ದೈವಿಕವಾದದ್ದು ಎಂಬಷ್ಟು ತಿಳಿಯಬಹುದು ಎನ್ನುವುದು ಮೊದಲನೆಯ ವಾಕ್ಯದ ಮಾತು. ಕ್ರಿಸ್ತನಲ್ಲಿ ಥೆಯೊಟೇಸ್‌ನ ಸಂಪೂರ್ಣತೆಯೇ ದೇಹರೂಪವಾಗಿ ನೆಲೆಸಿದೆ ಎನ್ನುವುದು ಎರಡನೆಯದರ ಮಾತು. ಸೃಷ್ಟಿಯಲ್ಲಿ ಕಾಣುವುದು ಗುಣ, ಕ್ರಿಸ್ತನಲ್ಲಿ ನೆಲೆಸಿರುವುದು ಸ್ವರೂಪ. ಎರಡಕ್ಕೂ ಒಂದೇ ಅರ್ಥ ಕೊಟ್ಟ ನಿಘಂಟನ್ನು ನಂಬಿದವನಿಗೆ ಪೌಲನು ಪದವನ್ನು ಏಕೆ ಬದಲಾಯಿಸಿದನು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಥೇಯೊಟೇಸ್ ಎಂದರೆ ‘ದೈವಶಕ್ತಿ’ ಎಂದು ಮುಗಿಸಿಬಿಡುವವರೂ ಇದ್ದಾರೆ. ಆದರೆ ಶಕ್ತಿಗೆ ಆ ವಾಕ್ಯದಲ್ಲಿ ಬೇರೆ ಪದವೇ ಇದೆ, ಥೇಯೊಟೇಸ್ ಅದರ ಜೊತೆಗೆ ಬರುವುದೇ ಹೊರತು ಅದರ ಮರುನುಡಿಯಲ್ಲ. ಪೇತ್ರನ ಎರಡನೆಯ ಪತ್ರದ 1:3ರಲ್ಲಿ ಬರುವ ‘ಥೇಯಾ ದುನಾಮಿಸ್’ ಎಂಬುದೇ ನೇರವಾಗಿ ದೈವಿಕ ಶಕ್ತಿ.

ಈ ಗೊಂದಲವನ್ನು ಸ್ಟ್ರಾಂಗ್ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಬೈಬಲಿನ ಹಳೆಯ ಲ್ಯಾಟಿನ್ ಅನುವಾದವಾದ ವಲ್ಗೇಟ್ ಎರಡಕ್ಕೂ ‘ದಿವಿನಿತಾಸ್’ ಎಂದೇ ಬರೆದಿತ್ತು. ಲ್ಯಾಟಿನ್‌ನಲ್ಲಿ ಬರೆದ ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟಿನನು ತನ್ನ ‘ದೇವರ ನಗರ’ದ ಏಳನೆಯ ಭಾಗದ ಆರಂಭದಲ್ಲಿ, ಗ್ರೀಕಿನ ಥೆಯೊಟೇಸ್ ಅನ್ನು ಇನ್ನಷ್ಟು ನಿಖರವಾಗಿ ಹೇಳಲು ‘ದೇಯಿತಾಸ್’ ಎಂಬ ಪದವನ್ನು ಬಳಸಲು ನಮ್ಮವರು ಈಗ ಹಿಂಜರಿಯುವುದಿಲ್ಲ ಎಂಬರ್ಥದ ಮಾತನ್ನು ಹೇಳುತ್ತಾನೆ. 1611ರ ಕಿಂಗ್ ಜೇಮ್ಸ್ ಅನುವಾದವಂತೂ ಈ ಎರಡರ ಜೊತೆಗೆ ಅಪೊಸ್ತಲರ ಕೃತ್ಯಗಳು 17:29ರ ‘ಥೇಯೊನ್’, ಅಂದರೆ ದೈವಿಕವಾದದ್ದು, ಎಂಬುದನ್ನೂ ಸೇರಿಸಿ ಮೂರಕ್ಕೂ ಗಾಡ್‌ಹೆಡ್ ಎಂದಿತು. ಸ್ಟ್ರಾಂಗ್ ಅವರ ನಮೂದುಗಳಲ್ಲಿ ಅಡ್ಡಗೆರೆಯ ನಂತರ ಬರುವುದು ಪದದ ಅರ್ಥವಲ್ಲ, ಆ ಅನುವಾದದಲ್ಲಿ ಅದಕ್ಕೆ ಬಳಸಿದ ಇಂಗ್ಲಿಷ್ ಪದಗಳ ಪಟ್ಟಿ. ಇದನ್ನು ಅರಿಯದೆ ಅದನ್ನೇ ಅರ್ಥವೆಂದು ಓದುವುದು ಈ ನಿಘಂಟಿನ ಬಳಕೆದಾರರ ಅತಿ ಸಾಮಾನ್ಯ ತಪ್ಪು.

ಹಾಗಿದ್ದರೂ ಆ ಕಾಲದಲ್ಲಿ ಇದಕ್ಕಿಂತ ಹೆಚ್ಚು ತಿಳಿಸಲು ಸಾಧ್ಯವಿರಲಿಲ್ಲ ಎನ್ನುವಂತಿಲ್ಲ. ರಿಚರ್ಡ್ ಟ್ರೆಂಚ್ ಅವರು ಹೊಸ ಒಡಂಬಡಿಕೆಯ ಸಮಾನಾರ್ಥಕ ಪದಗಳ ಕುರಿತ ತಮ್ಮ ಪುಸ್ತಕದ ಎರಡನೆಯ ಪ್ರಕರಣವನ್ನು ಈ ಜೋಡಿಗೇ ಮೀಸಲಿಟ್ಟಿದ್ದರು. ಹೊಸ ಒಡಂಬಡಿಕೆಯ ಗ್ರೀಕಿಗೆ ಥೇಯರ್ ಅವರು ಕೊಟ್ಟ 1886ರ ಇಂಗ್ಲಿಷ್ ನಿಘಂಟು ಸ್ವರೂಪಕ್ಕೂ ಗುಣಕ್ಕೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿತ್ತು. ಅನೇಕ ಆ್ಯಪ್‌ಗಳಲ್ಲಿ ಸ್ಟ್ರಾಂಗ್ ಸಂಖ್ಯೆಯ ಕೆಳಗೇ ಥೇಯರ್ ವಿವರಣೆಯೂ ಇರುತ್ತದೆ. ಇನ್ನೊಂದಿಷ್ಟು ಕೆಳಗೆ ಸರಿಸಿ ಅದನ್ನು ಓದುವುದು ಒಳ್ಳೆಯದು.

ಪದ ಹುಡುಕುವ ಸಾಧನವಾಗಿ ಇದಕ್ಕೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ. ಅರ್ಥ ಹೇಳುವ ನಿಘಂಟಾಗಿ ಎರಡು. ಆ ಎರಡೂ ನಮೂದಿನ ಮೊದಲಿಗಿರುವ ಮೂಲಪದದ ಸಂಖ್ಯೆಗೆ ಸಲ್ಲಬೇಕಾದವು: 2304 ಮತ್ತು 2316ನ್ನು ಬಿಡಿಸಿ ನೋಡುವ ತಾಳ್ಮೆಯಿದ್ದವನಿಗೆ, ಒಂದು ಗುಣವಾಚಕ, ಇನ್ನೊಂದು ನಾಮಪದ ಎಂಬ ಸುಳಿವು ಅಲ್ಲಿಯೇ ಸಿಗುತ್ತದೆ.