ಪೆಟ್ರೋಲ್ ಮೋವರ್ ಕೊಟ್ಟು ಬ್ಯಾಟರಿ ಮೋವರ್ ತಂದ ಸೋಮಾರಿಯ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ನಾನು ಮಷೀನುಗಳನ್ನು ಚೆನ್ನಾಗಿ ನೋಡಿಕೊಳ್ಳುವ ಪೈಕಿ ಅಲ್ಲ. ಹುಲ್ಲು ಕತ್ತರಿಸಿ ಆಯಿತಾ, ಮೋವರ್ ಮೂಲೆಗೆ ತಳ್ಳಿ ಕೈಕಾಲು ತೊಳೆದುಕೊಂಡರೆ ಮುಗಿಯಿತು. ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಮುಂದೆ ಓದಿ.

ಪೆಟ್ರೋಲ್ ಮೋವರ್ ನನ್ನ ಹತ್ತಿರ ಆರು ವರ್ಷ ಇತ್ತು. 160 ಸಿಸಿ, ಫೋರ್ ಸ್ಟ್ರೋಕ್ ಇಂಜಿನ್. ಅದರ ತಾಕತ್ತಿನ ಬಗ್ಗೆ ಎರಡು ಮಾತಿಲ್ಲ. ಮಳೆಯಲ್ಲಿ ಮೂರು ವಾರ ಹುಲ್ಲಿನ ಕಡೆ ತಿರುಗಿಯೂ ನೋಡದೆ, ಮೊಣಕಾಲಿನ ಹತ್ತಿರ ಬಂದಮೇಲೆ ಮೋವರ್ ನುಗ್ಗಿಸಿದರೂ, ಸ್ವಲ್ಪ ಗುರುಗುಟ್ಟಿ, ನಿಧಾನಕ್ಕೆ ತಳ್ಳಿದರೆ ಕತ್ತರಿಸಿಕೊಂಡೇ ಹೋಗುತ್ತಿತ್ತು. ಪೆಟ್ರೋಲ್ ಮುಗಿದರೆ ಮತ್ತೆ ಹಾಕು, ಮತ್ತೆ ಶುರು ಮಾಡು, ಅಷ್ಟೇ.

ತೊಂದರೆ ಎಲ್ಲ ಕೆಲಸ ಇಲ್ಲದ ತಿಂಗಳುಗಳಲ್ಲಿ. ಹುಲ್ಲು ಬೆಳೆಯದ ಕಾಲದಲ್ಲಿ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೇ ಬಿಟ್ಟಿದ್ದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಒಂದೆರಡು ತಿಂಗಳು ಕೂತರೆ ಹಳಸುತ್ತದೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಒಳಗಿನ ಕೂದಲೆಳೆಯಂಥ ತೂತುಗಳಲ್ಲಿ ಅಂಟು ಕಟ್ಟುತ್ತದೆ. ಆಮೇಲೆ ಸ್ಟಾರ್ಟ್ ಮಾಡುವ ಹಗ್ಗ ಎಳೆಯುತ್ತಾ ಇರಿ. ನಾನು ಒಂದು ಬೆಳಗ್ಗೆ ಪೂರ್ತಿ ಎಳೆದು, ಭುಜ ಹಿಡಿದುಕೊಂಡು, ಕೊನೆಗೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಿಚ್ಚಿ ತೋರಿಸಿದರು, ಬೆಲ್ಲದ ಪಾಕ ಒಣಗಿದ ಹಾಗಿತ್ತು. ಮುಂದಿನ ವರ್ಷ ಮತ್ತೆ ಅದನ್ನೇ ಮಾಡಿದೆ, ಅದು ಬೇರೆ ವಿಷಯ.

ಇನ್ನೊಂದು ಸಲ ಬ್ಲೇಡ್ ಕೆಳಗಿನ ಹುಲ್ಲು ಕೆರೆಯೋಣ ಅಂತ ಮೋವರ್ ಅನ್ನು ಪಕ್ಕಕ್ಕೆ ಒರಗಿಸಿದೆ, ಏರ್ ಫಿಲ್ಟರ್ ಇರುವ ಕಡೆಗೇ. ಇಂಜಿನ್ ಆಯಿಲ್ ಎಲ್ಲ ಫಿಲ್ಟರ್‌ಗೆ ಇಳಿಯಿತು. ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಪಕ್ಕದ ಮನೆಯವರು ಬೆಂಕಿ ಬಿತ್ತೇನೋ ಅಂತ ಓಡಿ ಬಂದರು! ಏರ್ ಫಿಲ್ಟರ್ ಯಾವಾಗಲೂ ಮೇಲಿರಬೇಕು. ಬ್ಲೇಡಿಗೆ ಕೈ ಹಾಕುವ ಮೊದಲು ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಮೇಲಿನ ವೈರ್ ಕಿತ್ತಿಡಬೇಕು. ಇದನ್ನು ಮಾತ್ರ ಈಗ ನಿದ್ದೆಯಲ್ಲೂ ಹೇಳುತ್ತೇನೆ.

ನಡುವೆ ವೈರ್ ಇರುವ ಎಲೆಕ್ಟ್ರಿಕ್ ಮೋವರ್ ಸ್ವಲ್ಪ ದಿನ ತಂದು ನೋಡಿದೆ. ಹಗುರ, ಗಲಾಟೆ ಇಲ್ಲ, ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಆದರೆ ಅರ್ಧ ಗಮನ ಹುಲ್ಲಿನ ಮೇಲೆ, ಅರ್ಧ ವೈರ್ ಮೇಲೆ. ಪ್ಲಗ್ ಪಾಯಿಂಟ್ ಹತ್ತಿರದಿಂದ ಶುರು ಮಾಡಿ ದೂರಕ್ಕೆ ಹೋಗುತ್ತಾ ಇದ್ದರೆ ವೈರ್ ಯಾವಾಗಲೂ ಕತ್ತರಿಸಿ ಆದ ಕಡೆ ಇರುತ್ತದೆ. ಸಣ್ಣ ಎಳೆಯ ಉದ್ದ ಎಕ್ಸ್‌ಟೆನ್ಷನ್ ವೈರ್ ಹಾಕಬೇಡಿ, ವೈರೂ ಬಿಸಿ, ಮೋಟರೂ ಬಿಸಿ. ಕರೆಂಟ್ ಸೋರಿದ ತಕ್ಷಣ ಕಟ್ ಮಾಡುವ ಸ್ವಿಚ್ ಇಲ್ಲದ ಲೈನಿಗೆ ಇದನ್ನು ಹಾಕಲೇ ಬಾರದು. ಚಿಕ್ಕ ಅಂಗಳಕ್ಕೆ ಇದು ಸಾಕು, ನನ್ನ ಅಂಗಳದಲ್ಲಿ ನಾಲ್ಕು ಮರ ಇವೆ, ಸಾಕಪ್ಪಾ ಅನ್ನಿಸಿತು.

ಈಗ ಎರಡು ವರ್ಷದಿಂದ ಬ್ಯಾಟರಿಯದು. ಡಬ್ಬದ ಮೇಲೆ ದೊಡ್ಡದಾಗಿ 40 ವೋಲ್ಟ್ ಅಂತ ಇತ್ತು, ಕೆಲಸ ಮಾಡುವಾಗಿನ ಸರಾಸರಿ ಲೆಕ್ಕ 36. ಲಿಥಿಯಂ ಸೆಲ್‌ಗಳು ಫುಲ್ ಚಾರ್ಜ್ ಆದಾಗ ತೋರಿಸುವ ವೋಲ್ಟೇಜನ್ನೇ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ, ಅಷ್ಟೇ. ನೀವು ನೋಡಬೇಕಾದ್ದು ವ್ಯಾಟ್ ಅವರ್, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ತುಂಬುತ್ತದೆ ಅನ್ನುವ ಲೆಕ್ಕ. ನನ್ನದು 4 ಆಂಪಿಯರ್ ಅವರ್, 36ರಿಂದ ಗುಣಿಸಿದರೆ 144 ವ್ಯಾಟ್ ಅವರ್. ಒಣಗಿದ, ಗಿಡ್ಡ ಹುಲ್ಲಾದರೆ ಅರ್ಧ ಗಂಟೆ ಬರುತ್ತದೆ. ಒದ್ದೆ ಹುಲ್ಲು ಜಾಸ್ತಿ ಬೆಳೆದಿದ್ದರೆ ಕಾಲು ಗಂಟೆಗೇ ಕೈ ಎತ್ತುತ್ತದೆ, ಆಮೇಲೆ ಚಾರ್ಜ್ ಆಗುವವರೆಗೆ ಟೀ ಕುಡಿಯುತ್ತಾ ಕೂರಬೇಕು.

ಅಂದರೆ ಪೆಟ್ರೋಲ್ ಮೋವರ್‌ಗೆ ಮಷೀನ್ ಮೇಲೆ ಗಮನ ಬೇಕು, ಬ್ಯಾಟರಿ ಮೋವರ್‌ಗೆ ಹುಲ್ಲಿನ ಮೇಲೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು ಅನ್ನುತ್ತಾರಲ್ಲ, ಅದು ಹುಲ್ಲಿಗೂ ಒಳ್ಳೆಯದು, ಬ್ಯಾಟರಿಗೂ ಒಳ್ಳೆಯದು. ವಾರಕ್ಕೊಮ್ಮೆ ಸುಮ್ನೆ ಬಟನ್ ಒತ್ತಿ ಇಪ್ಪತ್ತು ನಿಮಿಷ ಓಡಾಡುವುದು ನನಗೆ ಸೋಮಾರಿತನದಲ್ಲೂ ಆಗುತ್ತದೆ. ಹಗ್ಗ ಎಳೆಯುವ ಕೆಲಸ ಇದ್ದಾಗ ಅದೇ ವಾರ ಮೂರು ವಾರ ಆಗುತ್ತಿತ್ತು. ಸದ್ದೂ ಅಷ್ಟೇ, ಮೊದಲು ಕಿವಿ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದೆ, ಈಗ ಹಿಂದಿನಿಂದ ಮಗು ಓಡಿ ಬಂದರೂ ಕೇಳಿಸುತ್ತದೆ. ಸದ್ದಿಲ್ಲ ಅಂತ ಆಟದ ಸಾಮಾನು ಅಂದುಕೊಳ್ಳಬೇಡಿ, ಬ್ಯಾಟರಿ ಹೊರಗೆ ತೆಗೆಯದೆ ಬ್ಲೇಡ್ ಮುಟ್ಟಬಾರದು.

ದೂರು ಇಲ್ಲ ಅಂತಲ್ಲ. ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತದೆ, ಹೊಸದರ ಬೆಲೆ ಕೇಳಿದರೆ ಮೋವರನ್ನೇ ಮತ್ತೊಮ್ಮೆ ಕೊಂಡ ಹಾಗಿರುತ್ತದೆ. ಕೊಳ್ಳುವಾಗಲೇ ಅದೇ ಬ್ಯಾಟರಿ ಬೇರೆ ಯಾವ ಟೂಲಿಗೆ ಹೊಂದುತ್ತದೆ ಅಂತ ಕೇಳಿ. ಬಿಸಿಲಿನಲ್ಲಿ ಇಡಬೇಡಿ. ತಿಂಗಳುಗಟ್ಟಲೆ ಎತ್ತಿಡುವಾಗ ಅರ್ಧ ಚಾರ್ಜ್‌ನಲ್ಲಿ ಇಡಿ. ಬ್ಲೇಡ್ ಮೊಂಡಾದರೆ ಹುಲ್ಲು ಹರಿದು ತುದಿ ಕಂದಾಗುತ್ತದೆ, ಚಾರ್ಜೂ ಬೇಗ ಖಾಲಿ. ಸಾಣೆ ಹಿಡಿದ ಮೇಲೆ ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಗಿಸಿ ನೋಡಿ, ಒಂದು ಕಡೆ ವಾಲಿದರೆ ಆ ಕಡೆ ಇನ್ನೂ ಸ್ವಲ್ಪ ಉಜ್ಜಬೇಕು.

ದೊಡ್ಡ ಜಾಗ, ಒರಟು ಹುಲ್ಲು, ಜೊತೆಗೆ ನಟ್ಟು ಬೋಲ್ಟು ಬಿಚ್ಚುವ ಹುಚ್ಚು ಇರುವವರು ಪೆಟ್ರೋಲನ್ನೇ ತಗೊಳ್ಳಿ. ನನ್ನ ಹಳೆಯದನ್ನು ಭಾವನಿಗೆ ಕೊಟ್ಟೆ. ಅವರು ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡುತ್ತಾರೆ, ಆಯಿಲ್ ಬದಲಿಸುತ್ತಾರೆ, ಪ್ಲಗ್ ಒರೆಸುತ್ತಾರೆ. ಈ ಸಲ ಮಳೆ ಶುರುವಾದ ದಿನ ಫೋನ್ ಮಾಡಿ, ಏನೂ ಮಾತಾಡದೆ, ಮೋವರ್ ಪಕ್ಕ ಫೋನ್ ಹಿಡಿದು ಹಗ್ಗ ಎಳೆದರು. ಒಂದೇ ಎಳೆತಕ್ಕೆ ಸ್ಟಾರ್ಟ್.