ತುಮಕೂರು ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿ: ಇಂಗ್ಲಿಷ್ ನೋಟಿಸ್ ಮಾಡಿಸುವವರಿಗೆ

ಕನ್ನಡದ ದೂರನ್ನು ಇಂಗ್ಲಿಷಿಗೆ ತರುವ ಕೆಲಸ ಇಲ್ಲಿ ಚೊಕ್ಕ. 'ಮಾನ ಕಳೆಯುವವನು' ಎಂದರೆ ಕಣ್ಣುಮುಚ್ಚಿ ಒಂದು ಪದ ಹಾಕುವುದಿಲ್ಲ. ಬಾಯಿಮಾತಲ್ಲಿ ಸುಳ್ಳು ಹಬ್ಬಿಸಿದವನು ಸ್ಲ್ಯಾಂಡರರ್, ಬರಹದಲ್ಲಾದರೆ ಲೈಬೆಲರ್, ಎರಡಕ್ಕೂ ಸಲ್ಲುವುದು ಡಿಫೇಮರ್. ಚಾಡಿಕೋರ ಬರೀ ಬ್ಯಾಕ್‌ಬೈಟರ್. ಅವನ ಮಾತು ನಿಜವೂ ಇರಬಹುದು, ನೋಟಿಸಿಗೆ ಆ ಪದ ಸಾಲದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾತು, ಬರಹ ಎಂದು ಭೇದ ಮಾಡದ ಕಾರಣ ಡಿಫಮೇಶನ್ ಎಂದೇ ಬರೆಯುತ್ತಾರೆ. ಆಡಿದ ಮಾತನ್ನು ಕನ್ನಡದಲ್ಲೇ ಯಥಾವತ್ತು ಉಳಿಸಿ ಕೆಳಗೆ ಅನುವಾದ ಕೊಡುವುದು ಬಹಳ ಒಳ್ಳೆಯ ಪದ್ಧತಿ.

ಕೊರತೆಯೆಂದರೆ, ಆ ಮಾತು ಯಾರ ಕಿವಿಗೆ ಬಿತ್ತು ಎಂದು ಕೇಳುವುದಿಲ್ಲ. ಮೂರನೆಯವರಿಗೆ ತಲುಪದಿದ್ದರೆ ಮಾನನಷ್ಟದ ದೂರು ನಿಲ್ಲದು. ದಿನಾಂಕ, ಜಾಗ, ಸಾಕ್ಷಿಗಳ ಹೆಸರು ನೀವೇ ಬರೆದುಕೊಂಡು ಹೋಗಿ.