ಒಂಬತ್ತು ಅಂತಸ್ತಿನ ಗೋಪುರಕ್ಕೆ ಹನ್ನೊಂದು ಅಂತಸ್ತು: ಪನೋರಮಾ ರೀಟಚಿಂಗ್‌ಗೆ ಕೊಡುವವರು ಹುಷಾರು

ಹೆಸರು ಹಾಕಲ್ಲ, ಕೇಳಬೇಡಿ. ಬೆಂಗಳೂರಲ್ಲಿ ರೀಟಚಿಂಗ್ (ಕಂಪ್ಯೂಟರಲ್ಲಿ ಫೋಟೋ ತಿದ್ದುವ ಕೆಲಸ) ಮಾಡಿಕೊಡುವ ಒಬ್ಬ ಹುಡುಗ ಅಂದ್ಕೊಳ್ಳಿ. ಅವನಿಗೆ 6,000 ರೂಪಾಯಿ, ಕ್ಯಾನ್ವಾಸ್ ಪ್ರಿಂಟ್‌ಗೆ 9,000. ದುಡ್ಡು ಹೋದರೆ ಹೋಗಲಿ, ಮರ್ಯಾದೆ ಹೋಯಿತಲ್ಲ, ಅದಕ್ಕೆ ಹೊಟ್ಟೆ ಉರೀತಿದೆ.

ಹೊಸಪೇಟೆಯಲ್ಲಿ ಮಾವನವರ ಮನೆ ಗೃಹಪ್ರವೇಶ. ಉಡುಗೊರೆ ಕೊಡೋಣ ಅಂತ ಹಂಪಿಯ ಮಾತಂಗ ಬೆಟ್ಟ ಹತ್ತಿ, ಬೆಳಗಿನ ಮೊದಲ ಬಿಸಿಲಲ್ಲಿ 7 ಫೋಟೋ ತೆಗೆದೆ, ಪಕ್ಕಪಕ್ಕ ಸೇರಿಸಿ ಒಂದೇ ಅಗಲವಾದ ಚಿತ್ರ, ಅಂದ್ರೆ ಪನೋರಮಾ ಮಾಡೋಣ ಅಂತ. ಕ್ಯಾಮೆರಾ ಲಂಬವಾಗಿ ಹಿಡಿದು, 50 ಎಂಎಂ ಲೆನ್ಸಲ್ಲಿ. ಎಡಕ್ಕೆ ವಿರೂಪಾಕ್ಷ, ಬಲಕ್ಕೆ ಅಚ್ಯುತರಾಯ ಗುಡಿ, ಆಚೆ ತುಂಗಭದ್ರೆ. ಎಕ್ಸ್‌ಪೋಷರ್ ಮ್ಯಾನುಯಲ್, ವೈಟ್ ಬ್ಯಾಲೆನ್ಸ್ ಲಾಕ್ (ಬೆಳಕು, ಬಣ್ಣ ಎಲ್ಲದರಲ್ಲೂ ಒಂದೇ ಥರ ಇರಲಿ ಅಂತ), ಪ್ರತಿ ಫ್ರೇಮಲ್ಲೂ ಪಕ್ಕದ ಫ್ರೇಮಿನ ಜೊತೆ ಮೂರನೇ ಒಂದು ಭಾಗ ಓವರ್‌ಲ್ಯಾಪ್. ಟ್ರೈಪಾಡ್ ಒಯ್ಯಲಿಲ್ಲ. ಅದು ನನ್ನ ತಪ್ಪು, ಒಪ್ಕೋತೀನಿ.

ಫೋಟೋಶಾಪಲ್ಲಿ ಫೋಟೋಮರ್ಜ್ (ಫೋಟೋಗಳನ್ನ ತಾನೇ ಹೊಂದಿಸಿ ಸೇರಿಸುವ ಸೌಲಭ್ಯ) ನಾನೇ ಮಾಡಿ ನೋಡಿದೆ. ಎರಡು ಫ್ರೇಮ್ ಸೇರುವ ಗೆರೆ ಸರಿಯಾಗಿ ವಿರೂಪಾಕ್ಷ ಗೋಪುರದ ಮೇಲೇ ಬಿತ್ತು. ಎಡಗಡೆ ಅರ್ಧ ಒಂದು ಚೂರು ಕೆಳಗೆ, ಬಲಗಡೆ ಅರ್ಧ ಮೇಲೆ. ಬಂಡೆ ಮೇಲೆ ಕೂತಿದ್ದ ಹಳದಿ ಟೀಶರ್ಟಿನ ಹುಡುಗ ಎರಡು ಕಡೆ ಕಾಣ್ತಿದ್ದ. ನನ್ನ ಕೈಲಿ ಆಗಲ್ಲ ಅಂತ ಆ ರೀಟಚಿಂಗ್ ಹುಡುಗನಿಗೆ ಕೊಟ್ಟೆ. "ಸರ್, ಸುಮ್ನೆ ಎರಡು ಗಂಟೆ ಕೆಲಸ" ಅಂದ. ಪೂರ್ತಿ ದುಡ್ಡು ಮೊದಲೇ ಹಾಕಿಸಿಕೊಂಡ. ಕೊಟ್ಟೆ, ನೋಡಿ!

ಎರಡು ದಿನಕ್ಕೆ ವಾಟ್ಸಾಪಲ್ಲಿ ಪ್ರಿವ್ಯೂ ಬಂತು. ಮೊಬೈಲಲ್ಲಿ ನೋಡಿದೆ. ಗೆರೆ ಇಲ್ಲ, ಎರಡನೇ ಹುಡುಗ ಇಲ್ಲ. ಸೂಪರ್ ಅಂತ ಬರೆದು ಎರಡು ಚಪ್ಪಾಳೆ ಬೇರೆ ಕಳಿಸಿದೆ. ಈಗ ಆ ಚಪ್ಪಾಳೆ ನೋಡಿದರೆ ನನ್ನ ಕೆನ್ನೆಗೇ ಹೊಡ್ಕೊಳ್ಳೋಣ ಅನ್ಸುತ್ತೆ. ಆಮೇಲೆ ಬಂದ ದೊಡ್ಡ ಜೆಪೆಗ್ ಫೈಲನ್ನ ತೆರೆದೂ ನೋಡದೆ ಪ್ರಿಂಟ್‌ಗೆ ಕಳಿಸಿದೆ. 8 ಅಡಿ ಉದ್ದ, 2 ಅಡಿ ಎತ್ತರ.

ಗೃಹಪ್ರವೇಶದ ದಿನ, ಮನೆ ತುಂಬ ಜನ. ಮಾವ ಚಿತ್ರದ ಮುಂದೆ ನಿಂತರು. ಚಿಕ್ಕಂದಿನಿಂದ ಆ ಗೋಪುರ ನೋಡಿಕೊಂಡೇ ಬೆಳೆದವರು. ಬೆರಳಿಟ್ಟು ಕೆಳಗಿನಿಂದ ಎಣಿಸಲು ಶುರು ಮಾಡಿದರು. ಒಂದು, ಎರಡು, ಮೂರು... "ಅಳಿಯಂದ್ರ, ನಮ್ಮ ಗೋಪುರ ಒಂಬತ್ತು ಅಂತಸ್ತು ಅಲ್ಲೇನ್ರಿ? ಇಲ್ಲಿ ಹನ್ನೊಂದು ಅದಾವು." ಎಲ್ಲರೂ ತಿರುಗಿದರು. ನಾನೂ ಎಣಿಸಿದೆ. ಹನ್ನೊಂದು! ಹತ್ತಿರ ಹೋಗಿ ನೋಡಿದರೆ ಆ ಎರಡು ಅಂತಸ್ತಿನಲ್ಲಿ ಗೊಂಬೆಗಳೇ ಇಲ್ಲ, ಕರಗಿದ ಮೇಣದ ಥರ ಏನೋ ಉಂಡೆ ಉಂಡೆ.

ಗೆರೆ ಸರಿಮಾಡುವ ಬದಲು ಗೋಪುರ ಸೆಲೆಕ್ಟ್ ಮಾಡಿ ಜೆನರೇಟಿವ್ ಫಿಲ್ (ಎಐ ತಾನೇ ಚಿತ್ರ ತುಂಬುವ ಟೂಲ್) ಒತ್ತಿದ್ದಾನೆ ಆ ಹುಡುಗ. ಅದು ಇರೋದನ್ನ ಸೇರಿಸಲ್ಲ, ಇಲ್ಲದ್ದನ್ನ ಹೊಸದಾಗಿ ಹುಟ್ಟಿಸುತ್ತೆ. ಆಕಾಶಕ್ಕೆ ನಡೆಯುತ್ತೆ. ಗುಡಿಗೆ ನಡೆಯುತ್ತಾ?

ಫೋನ್ ಮಾಡಿದೆ. ಮೊದಲ ಉತ್ತರ: "ಸರ್, ಯಾರು ಸರ್ ಅಂತಸ್ತು ಎಣಿಸ್ತಾರೆ?" ಎರಡನೇದು: "ನಿಮ್ಮ ಫೋಟೋನೇ ಅಲುಗಾಡಿದೆ ಸರ್." ಮೂರನೇದು, ಇದನ್ನ ನಾನು ಸಾಯೋವರೆಗೂ ಮರೆಯಲ್ಲ: "ಎರಡು ಅಂತಸ್ತು ಜಾಸ್ತಿನೇ ಬಂದಿದೆ ಅಲ್ವಾ ಸರ್, ಕಮ್ಮಿ ಬಂದಿಲ್ಲವಲ್ಲ." ಲೇಯರ್ ಇರುವ ಫೈಲ್ (ಚಿತ್ರದ ಭಾಗಗಳು ಬೇರೆ ಬೇರೆ ಪದರವಾಗಿ ಇರುವ ಫೈಲ್) ಕೊಡಪ್ಪ, ನಾನೇ ಸರಿ ಮಾಡ್ಕೋತೀನಿ ಅಂದೆ. "ಅದಕ್ಕೆ ಎಕ್ಸ್‌ಟ್ರಾ 2,500 ಆಗುತ್ತೆ ಸರ್." ಕೊಡಲ್ಲ ಅಂದೆ. ನನ್ನ ನಂಬರ್ ಬ್ಲಾಕ್ ಮಾಡಿದ.

ಆಮೇಲೆ ಹಟಕ್ಕೆ ಬಿದ್ದು ನಾನೇ ಕೂತೆ. ಫೋಟೋಮರ್ಜ್ ಮಾಡಿದಾಗ ಒಂದೊಂದು ಫ್ರೇಮೂ ಒಂದೊಂದು ಲೇಯರ್ ಆಗಿ, ಮಾಸ್ಕ್ (ಆ ಫ್ರೇಮಿನ ಯಾವ ಭಾಗ ಕಾಣಬೇಕು ಅಂತ ತೀರ್ಮಾನಿಸುವ ಮುಸುಕು, ಬಿಳಿ ಬಳಿದ ಕಡೆ ಕಾಣುತ್ತೆ) ಸಮೇತ ಇರುತ್ತೆ. ಬಿಳಿ ಬ್ರಷ್ ಹಿಡಿದು, ಇಡೀ ಗೋಪುರ ಒಂದೇ ಫ್ರೇಮಿಂದ ಬರುವ ಹಾಗೆ ಮಾಸ್ಕ್ ತೆರೆದೆ. ಗೆರೆ ಪಕ್ಕದ ಬಂಡೆಗಳ ಮೇಲೆ ಹೋಯಿತು. ಅಲ್ಲಿ ಯಾರಿಗೂ ಗೊತ್ತಾಗಲ್ಲ. ನಲವತ್ತು ನಿಮಿಷದ ಕೆಲಸ ರೀ, ಅಷ್ಟೇ! ಇದಕ್ಕೆ 6,000.

ಕೊಡಲೇಬೇಕು ಅಂದ್ರೆ ಲೇಯರ್ ಫೈಲ್ ಸಮೇತ ಅಂತ ಮೊದಲೇ ಬರೆಸಿಕೊಳ್ಳಿ, ಅರ್ಧ ದುಡ್ಡು ಕೈಯಲ್ಲೇ ಇರಲಿ. ವಾಟ್ಸಾಪ್ ಪ್ರಿವ್ಯೂಗೆ ಸೂಪರ್ ಅನ್ನಬೇಡಿ. ಕಂಪ್ಯೂಟರಲ್ಲಿ 100% ಜೂಮ್ ಮಾಡಿ ಈ ತುದಿಯಿಂದ ಆ ತುದಿವರೆಗೆ ನೋಡಿ.

ಸರಿಯಾದದ್ದನ್ನ ಮತ್ತೆ ಪ್ರಿಂಟ್ ಹಾಕಿಸಿಕೊಡ್ತೀನಿ ಅಂದರೆ ಮಾವ ಬೇಡ ಅನ್ನುತ್ತಾರೆ. ಮನೆಗೆ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, "ಎಷ್ಟು ಅದಾವು, ಎಣಸ್ರಿ" ಅನ್ನುತ್ತಾರಂತೆ.